ಕುಕ್ಕು, ಜಗ್ಗು, ಜಾರು, ನಡುಗು

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಕನ್ನಡದ ಉಳಿವು, ಸಂಸ್ಕೃತಿಯ ಬೇರು, ಮುಂದಿನ ಪೀಳಿಗೆಯ ಹೊಣೆ ಮೊದಲಾದ ಘನವಾದ ವಿಷಯಗಳನ್ನು ಕುರಿತು ಬಲ್ಲವರು ಬರೆದೇ ಇರುತ್ತಾರೆ. ವೃತ್ತಿಯಿಂದ ಲೆಕ್ಕಪತ್ರ ನೋಡುವ ನನಗೆ ಅಂಥ ಅಧಿಕಾರವಿಲ್ಲ. ಆದ್ದರಿಂದ ನನಗೆ ನಿಜವಾಗಿ ಗೊತ್ತಿರುವ ಒಂದು ಸಂಗತಿಯನ್ನು, ಅಂದರೆ ನಮ್ಮ ಹಳೆಯ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಬಂದ ರೋಗವನ್ನೂ ಅದಕ್ಕೆ ನಾವು ಕಂಡುಕೊಂಡ ಮದ್ದನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಸಮ್ಮೇಳನದ ಗಂಭೀರ ವಾತಾವರಣಕ್ಕೆ ಇದು ತಕ್ಕುದಲ್ಲವೆಂದು ತೋರಿದರೆ ಓದುಗರು ದಯವಿಟ್ಟು ಕಡೆಯವರೆಗೆ ತಾಳ್ಮೆ ವಹಿಸಬೇಕು.

ನಾನು ಸಂಸಾರ ಸಮೇತ ಅಡಿಲೇಡಿಗೆ ಬಂದದ್ದು ೨೦೦೨ರಲ್ಲಿ. ಮಗನಿಗೆ ಆಗ ಎರಡು ವರ್ಷ. ೨೦೦೪ರಲ್ಲಿ, ಮೂರು ವರ್ಷ ಹಳೆಯದಾದ ಮಿತ್ಸುಬಿಷಿ ಮ್ಯಾಗ್ನಾ ಸ್ಟೇಷನ್ ವ್ಯಾಗನ್ ಒಂದನ್ನು ಕೊಂಡೆವು. ಮೂರೂವರೆ ಲೀಟರಿನ ಆರು ಸಿಲಿಂಡರಿನ ಇಂಜಿನ್ನು, ನಾಲ್ಕು ಗೇರಿನ ಆಟೋಮ್ಯಾಟಿಕ್ಕು. ಹೆಸರು ಜಪಾನಿನದಾದರೂ ಅದು ಹುಟ್ಟಿದ್ದು ಅಡಿಲೇಡಿನ ದಕ್ಷಿಣ ಭಾಗದ ಟಾನ್ಸ್‌ಲಿ ಪಾರ್ಕಿನ ಕಾರ್ಖಾನೆಯಲ್ಲಿ. ಮೊದಲು ಕ್ರೈಸ್ಲರ್ ಕಂಪನಿಯದಾಗಿದ್ದ ಆ ಕಾರ್ಖಾನೆ ೧೯೮೦ರಲ್ಲಿ ಮಿತ್ಸುಬಿಷಿಯ ಕೈಗೆ ಬಂತು. ೧೯೮೫ರಿಂದ ಅಲ್ಲಿ ಮ್ಯಾಗ್ನಾಗಳು ತಯಾರಾದವು. ನಮ್ಮ ಬಾಡಿಗೆ ಮನೆಯಿಂದ ಅದು ಹತ್ತು ನಿಮಿಷದ ದಾರಿ. ಅದರ ಮುಂದೆ ಹಾಯ್ದು ಹೋಗುವಾಗಲೆಲ್ಲ ನನ್ನ ಹೆಂಡತಿ "ನೋಡಿ, ನಮ್ಮ ಕಾರಿನ ತವರುಮನೆ" ಎನ್ನುತ್ತಿದ್ದಳು.

ಆ ತವರು ಬಹುಕಾಲ ಬಾಳಲಿಲ್ಲ. ೨೦೦೮ರ ಮಾರ್ಚಿಯಲ್ಲಿ ಟಾನ್ಸ್‌ಲಿಯ ಕಾರ್ಖಾನೆ ಮುಚ್ಚಿತು. ಮುಂದೆ ೨೦೧೬ರ ಅಕ್ಟೋಬರಿನಲ್ಲಿ ಫೋರ್ಡ್, ೨೦೧೭ರ ಅಕ್ಟೋಬರಿನಲ್ಲಿ ಟೊಯೋಟಾ ಹಾಗೂ ಅಡಿಲೇಡಿನ ಉತ್ತರ ಭಾಗದ ಎಲಿಜಬೆತ್ತಿನಲ್ಲಿದ್ದ ಹೋಲ್ಡನ್ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ನಾವು ಮಾತ್ರ ೨೦೦೮ರಲ್ಲಿಯೇ ನೌಕರಿಯ ನಿಮಿತ್ತ ಬ್ರಿಸ್ಬೇನಿಗೆ ಬಂದೆವು. ಕಾರೂ ನಮ್ಮ ಪಾತ್ರೆ ಪಡಗಗಳನ್ನು ಹೊತ್ತು ಜೊತೆಯಲ್ಲಿಯೇ ಬಂತು.

ಹತ್ತು ವರ್ಷ ಅದು ನಮಗೆ ಯಾವ ಕಷ್ಟವನ್ನೂ ಕೊಡಲಿಲ್ಲ. ತೊಂದರೆ ತೋರಿದ್ದು ೨೦೧೮ರಲ್ಲಿ. ಆಗ ಅದು ೨,೪೦,೦೦೦ ಕಿಲೋಮೀಟರು ಓಡಿತ್ತು. ಪಾರ್ಕಿಂಗಿನಿಂದ ಡ್ರೈವಿಗೆ ಹಾಕಿದರೆ ಯಾರೋ ಹಿಂದಿನಿಂದ ಗುದ್ದಿದಂತಾಗುತ್ತಿತ್ತು. ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ತಲೆ ಮುಂದಕ್ಕೆ ವಾಲುತ್ತಿತ್ತು. ಒಂದು ವರ್ಕ್‌ಷಾಪಿಗೆ ಒಯ್ದು, "ಗೇರು ಒರಟಾಗಿ ಬದಲಾಗುತ್ತಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಲ್ಲಿಯವರು ಬೀದಿಯನ್ನೊಂದು ಸುತ್ತು ಹಾಕಿಬಂದು, ಗೇರ್‌ಬಾಕ್ಸನ್ನು ಇಳಿಸಿ ಪೂರ್ತಿ ಬಿಚ್ಚಿ ಕಟ್ಟಬೇಕು, ೩,೮೦೦ ಡಾಲರಾಗುತ್ತದೆ ಎಂದರು. ಕಾರನ್ನು ಮಾರಿದರೆ ಎರಡು ಸಾವಿರ ಬಂದರೆ ಪುಣ್ಯ. ಮೂಗಿಗಿಂತ ಮೂಗುತಿ ಭಾರವೆಂದರೆ ಇದೇ.

ಗುಜರಿಗೆ ಹಾಕಿಬಿಡಬಹುದಾಗಿತ್ತು. ಆದರೆ ಅದೇ ವರ್ಷ ಪಿಯುಸಿಗೆ ಸಮನಾದ ಹನ್ನೆರಡನೆಯ ತರಗತಿ ಮುಗಿಸುತ್ತಿದ್ದ ಮಗ, ಗಣಿಗಾರಿಕೆಯ ಎಂಜಿನಿಯರಿಂಗ್ ಓದಲು ಪರ್ತಿಗೆ ಹೋಗುವವನಿದ್ದ. ಕಾರು ಅವನಿಗೆಂದು ಮೊದಲೇ ನಿಶ್ಚಯವಾಗಿತ್ತು. ಬ್ರಿಸ್ಬೇನಿನಿಂದ ಅಡಿಲೇಡಿಗೆ ಸುಮಾರು ೨,೦೦೦ ಕಿಲೋಮೀಟರು, ಅಲ್ಲಿಂದ ಪರ್ತಿಗೆ ಸುಮಾರು ೨,೭೦೦; ಬೆಂಗಳೂರಿನಿಂದ ದೆಹಲಿಗೆ ಹೋಗಿ ಹಿಂದಿರುಗಿದರೂ ಮುಗಿಯದಷ್ಟು ದೂರ. ನಡುವೆ ನಲ್ಲರ್‌ಬೋರ್ ಎಂಬ ಮರಗಳಿಲ್ಲದ ಬಯಲಿದೆ. ಅಲ್ಲಿ ಗೇರ್‌ಬಾಕ್ಸು ಕೈಕೊಟ್ಟರೆ ಕಾರನ್ನು ಎಳೆತರುವ ಕೂಲಿಯೇ ಕಾರಿನ ಬೆಲೆಯನ್ನು ಮೀರುತ್ತದೆ. ಹೊಸದು ಕೊಳ್ಳುವ ಶಕ್ತಿ ಆ ವರ್ಷ ನಮಗಿರಲಿಲ್ಲ.

ಇಂಥ ಸಮಯದಲ್ಲಿ, ಜಕರಂದ ಹೂ ಬಿಟ್ಟು ಬ್ರಿಸ್ಬೇನಿನ ಬೀದಿಗಳೆಲ್ಲ ನೇರಳೆಯಾಗಿದ್ದ ಅಕ್ಟೋಬರಿನಲ್ಲಿ, ಹಾಸನದಿಂದ ಅಪ್ಪ ಅಮ್ಮ ಬಂದರು.

ಅಪ್ಪ ಕೆ.ಎಸ್.ಆರ್.ಟಿ.ಸಿ.ಯಲ್ಲಿ ಚಾಲಕರಾಗಿದ್ದವರು. ೧೯೭೦ರಲ್ಲಿ ಸೇರಿ ೨೦೦೪ರಲ್ಲಿ ನಿವೃತ್ತರಾಗುವವರೆಗೆ ಹೆಚ್ಚು ಕಾಲ ಓಡಿಸಿದ್ದು ಹಾಸನ ಮಂಗಳೂರು ಮಾರ್ಗದಲ್ಲಿ. ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿಯ ತಿರುವುಗಳಲ್ಲಿ, ಆಷಾಢದ ಮಳೆಯಲ್ಲಿ, ಅಂದಿನ ಲೇಲ್ಯಾಂಡ್ ಬಸ್ಸುಗಳಿಗೆ ಡಬಲ್ ಕ್ಲಚ್ ಹೊಡೆದು ಗೇರು ಇಳಿಸುತ್ತಿದ್ದವರು. ಎರಡು ಸಲ ಕ್ಲಚ್ಚನ್ನು ಒತ್ತಿ, ನಡುವೆ ಇಂಜಿನ್ನಿನ ವೇಗವನ್ನು ಕಿವಿಯಿಂದಲೇ ಅಳೆದು ಹೊಂದಿಸಿದರೆ ಮಾತ್ರ ಆ ಕಾಲದ ಗೇರು ಸದ್ದಿಲ್ಲದೆ ಬೀಳುತ್ತಿತ್ತು. ಆಟೋಮ್ಯಾಟಿಕ್ ಗಾಡಿಯ ಬಗ್ಗೆ ಅವರಿಗೆ ಗೌರವವಿರಲಿಲ್ಲ. ಕಾರಿನಲ್ಲಿ ಎಡಗಾಲಿಗೆ ಕೆಲಸವಿಲ್ಲದ್ದನ್ನು ಕಂಡು, "ಇದು ಗಾಡಿಯಲ್ಲ, ಜೋಕಾಲಿ" ಎಂದಿದ್ದರು.

ವಿಮಾನ ನಿಲ್ದಾಣದಿಂದ ಮನೆಗೆ ಬರುವಷ್ಟರಲ್ಲಿ ಅವರಿಗೆ ವಿಷಯ ತಿಳಿದುಹೋಗಿತ್ತು.

"ಏನಾಗಿದೆಯಪ್ಪ ಈ ಗಾಡಿಗೆ?"

"ಗೇರು ಒರಟಾಗಿ ಬೀಳುತ್ತಿದೆ ಅಪ್ಪ."

"ಒರಟು ಅಂದರೆ? ಕುಕ್ಕುತ್ತದೋ, ಜಗ್ಗುತ್ತದೋ, ಜಾರುತ್ತದೋ, ನಡುಗುತ್ತದೋ?"

ನನ್ನಲ್ಲಿ ಉತ್ತರವಿರಲಿಲ್ಲ. ಮೂರು ತಿಂಗಳಿಂದ ಆ ಕಾರನ್ನು ಓಡಿಸುತ್ತಿದ್ದ ನಾನು, ಆ ನಾಲ್ಕನ್ನೂ ಒಂದೇ ಇಂಗ್ಲಿಷ್ ಪದದ ಚೀಲಕ್ಕೆ ತುಂಬಿ ವರ್ಕ್‌ಷಾಪಿನವರ ಮುಂದೆ ಇಳಿಸಿದ್ದೆ. ಅಪ್ಪ ನಕ್ಕರು. "ಮೈ ಸರಿಯಿಲ್ಲ ಅಂತಷ್ಟೇ ಹೇಳಿದರೆ ಡಾಕ್ಟರು ಏನು ಮಾಡಿಯಾರು? ತಲೆನೋವೋ, ಹೊಟ್ಟೆನೋವೋ ಹೇಳಬೇಡವೇ? ಇಲ್ಲದಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ."

ಮರುದಿನದಿಂದ ಪರೀಕ್ಷೆ ಆರಂಭವಾಯಿತು. ಮಗ ಓಡಿಸಬೇಕು, ಅಪ್ಪ ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿ ಕೇಳಬೇಕು, ನಾನು ಹಿಂದೆ ಕುಳಿತು ಬರೆಯಬೇಕು. ಇಲ್ಲೊಂದು ತೊಡಕಿತ್ತು. ನಮ್ಮ ಮಗನಿಗೆ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿಯೇ ಬರುತ್ತಿತ್ತು. ಕನ್ನಡ ಶಾಲೆಯ ಭಾನುವಾರಗಳು, ಸಂಘದ ರಾಜ್ಯೋತ್ಸವದ ಕಂಠಪಾಠಗಳು, ನಮ್ಮ ಗದರಿಕೆಗಳು ಯಾವುವೂ ಅದನ್ನು ಬದಲಿಸಿರಲಿಲ್ಲ. ಅವನಿಗೆ ತಿಳಿದಿದ್ದ ಕನ್ನಡವೆಂದರೆ ಊಟ, ನಿದ್ರೆ ಮತ್ತು ಬೈಗುಳದ ಕನ್ನಡ. ಕುಕ್ಕುವುದಕ್ಕೂ ಜಗ್ಗುವುದಕ್ಕೂ ಏನು ವ್ಯತ್ಯಾಸವೆಂದು ಅವನು ತಾತನನ್ನು ಕೇಳಿದ.

"ಒನಕೆ ಬಿದ್ದರೆ ಕುಕ್ಕು. ಹಗ್ಗ ಹಿಡಿದು ಎಳೆದರೆ ಜಗ್ಗು. ಕೆಸರಿನಲ್ಲಿ ಕಾಲಿಟ್ಟರೆ ಜಾರು. ಚಳಿಜ್ವರ ಬಂದರೆ ನಡುಗು. ತಿಳಿಯಿತೇನೋ ಪುಟ್ಟ?"

ಒನಕೆಯನ್ನು ಕಣ್ಣಿನಿಂದ ಕಂಡಿರದ ಹುಡುಗನಿಗೆ ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಮುಷ್ಟಿಯಿಂದ ಕುಕ್ಕಿ ತೋರಿಸಿದರು.

ಇನ್ನು ಅಪ್ಪನಿಗೂ ಒಂದು ಪಾಠವಾಗಬೇಕಿತ್ತು. ಕ್ಲಚ್ಚೇ ಇಲ್ಲದ ಗೇರ್‌ಬಾಕ್ಸು ಹೇಗೆ ಕೆಲಸ ಮಾಡುತ್ತದೆ? ಅದನ್ನು ಮಗ ಕಾಗದದ ಮೇಲೆ ಬರೆದು ತೋರಿಸಿದ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ತಿರುಗಿಸಿದರೆ ಗಾಳಿಯಿಂದ ಇನ್ನೊಂದೂ ತಿರುಗುವಂತೆ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ತುಂಬಿದ ಒಂದು ಡಬ್ಬಿಯಿದೆ. ಅದೇ ಟಾರ್ಕ್ ಕನ್ವರ್ಟರ್. ಅದರ ಹಿಂದೆ ನಡುವೆ ಸೂರ್ಯನೆಂಬ ಗೇರು, ಅದನ್ನು ಸುತ್ತುವ ಗ್ರಹಗಳೆಂಬ ಗೇರುಗಳು, ಅವೆಲ್ಲವನ್ನೂ ಬಳಸಿದ ಒಂದು ಬಳೆ. ಇವುಗಳಲ್ಲಿ ಯಾವುದನ್ನು ಹಿಡಿದು ನಿಲ್ಲಿಸಿದರೆ, ಯಾವುದನ್ನು ತಿರುಗಲು ಬಿಟ್ಟರೆ ಎಂಬುದರ ಮೇಲೆ ಗೇರು ನಿರ್ಧಾರವಾಗುತ್ತದೆ. ಹಿಡಿಯುವ ಬಿಡುವ ಕೆಲಸ ಒಳಗಿನ ಸಣ್ಣ ಸಣ್ಣ ಕ್ಲಚ್ ತಟ್ಟೆಗಳದು. ಅವನ್ನು ಒತ್ತುವುದು ಎಣ್ಣೆಯ ಒತ್ತಡ. ಆ ಒತ್ತಡವನ್ನು ಎಲ್ಲಿಗೆ, ಎಷ್ಟು ಬಿಡಬೇಕೆಂದು ಆಜ್ಞೆ ಕೊಡುವುದು ಒಂದು ಪುಟ್ಟ ಕಂಪ್ಯೂಟರು. ಪಾಲಿಸುವುವು ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಗಳು.

ಅಪ್ಪ ಬಹಳ ಹೊತ್ತು ಆ ಚಿತ್ರವನ್ನು ನೋಡಿ, "ಅಂದರೆ ಕ್ಲಚ್ಚು ಇಲ್ಲದೆ ಇಲ್ಲ. ಕಾಲಿನ ಕೆಲಸವನ್ನು ಎಣ್ಣೆ ಮಾಡುತ್ತದೆ, ಕಿವಿಯ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಹಾಗಾದರೆ ಮೊದಲು ಎಣ್ಣೆ ನೋಡಬೇಕು" ಎಂದರು. ಈ ಒಂದು ವಾಕ್ಯ ನನ್ನ ೩,೮೦೦ ಡಾಲರನ್ನು ಉಳಿಸಿತು.

ಮೂರು ದಿನಗಳ ನನ್ನ ಪಟ್ಟಿ ಹೀಗಿತ್ತು: ಕುಕ್ಕಿದ್ದು ಹನ್ನೊಂದು ಸಲ, ಅದೂ ನಿಂತ ಕಾರನ್ನು ಡ್ರೈವಿಗೋ ರಿವರ್ಸಿಗೋ ಹಾಕಿದಾಗ ಮಾತ್ರ. ಜಗ್ಗಿದ್ದು ಆರು ಸಲ, ಒಂದರಿಂದ ಎರಡಕ್ಕೆ ಹೋಗುವಾಗ. ನಡುಗಿದ್ದು ಒಂಬತ್ತು ಸಲ, ಎಪ್ಪತ್ತು ಎಂಬತ್ತರ ವೇಗದಲ್ಲಿ ಆಕ್ಸಿಲರೇಟರನ್ನು ಹಗುರಾಗಿ ಒತ್ತಿದಾಗ, ಉಬ್ಬುಪಟ್ಟಿಗಳ ಮೇಲೆ ಹೋದ ಹಾಗೆ. ಜಾರಿದ್ದು ಒಂದು ಸಲವೂ ಇಲ್ಲ.

ಈ ಕಡೆಯ ಸೊನ್ನೆಯೇ ಮುಖ್ಯವೆಂದು ಅಪ್ಪ ಹೇಳಿದರು. ಜಾರುವುದೆಂದರೆ ಇಂಜಿನ್ನು ಭೋರೆಂದು ಏರಿದರೂ ಗಾಡಿ ಮುಂದೆ ಹೋಗದಿರುವುದು. ಎಣ್ಣೆ ತೀರ ಕಡಿಮೆಯಾಗಿದ್ದರೆ, ಇಲ್ಲವೇ ಒಳಗಿನ ಕ್ಲಚ್ ತಟ್ಟೆಗಳು ಸವೆದು ಸುಟ್ಟಿದ್ದರೆ ಹಾಗಾಗುತ್ತದೆ. ಎಣ್ಣೆ ಸರಿಯಿದ್ದೂ ಜಾರಿದರೆ ವರ್ಕ್‌ಷಾಪಿನವರು ಹೇಳಿದ್ದೇ ಸತ್ಯ, ಗೇರ್‌ಬಾಕ್ಸನ್ನು ಬಿಚ್ಚಲೇಬೇಕು. ನಮ್ಮದು ಕುಕ್ಕುತ್ತದೆ, ಜಗ್ಗುತ್ತದೆ, ನಡುಗುತ್ತದೆ. ಆದರೆ ಹಿಡಿಯಬೇಕಾದದ್ದು ಹಿಡಿಯುತ್ತದೆ. ಸವೆದಿಲ್ಲ, ಕೆಟ್ಟಿದೆ ಅಷ್ಟೆ. ಕಂಪ್ಯೂಟರಿಗೋ ಸೊಲೆನಾಯ್ಡಿಗೋ ದೊಡ್ಡ ದೋಷ ಬಂದಿದ್ದರೆ ಕಾರು ತನ್ನನ್ನು ತಾನೇ ಕಾಪಾಡಿಕೊಳ್ಳಲು ಮೂರನೆಯ ಗೇರಿನಲ್ಲಿಯೇ ನಿಂತುಬಿಡುತ್ತದೆಂದು ಮಗ ಓದಿ ಹೇಳಿದ. ಅದೂ ಆಗಿರಲಿಲ್ಲ.

ಮೊದಲು ಎಣ್ಣೆ. ಇಪ್ಪತ್ತು ನಿಮಿಷ ಓಡಿಸಿ ಬಿಸಿಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಿಗೂ ನಿಧಾನವಾಗಿ ಒಯ್ದು ನ್ಯೂಟ್ರಲಿಗೆ ತಂದು, ಇಂಜಿನ್ನು ಓಡುತ್ತಿರುವಾಗಲೇ ಅಳತೆಕಡ್ಡಿಯನ್ನು ತೆಗೆದು ನೋಡಬೇಕು. ಇಂಜಿನ್ ಆಯಿಲನ್ನು ನೋಡುವಂತೆ ಇಂಜಿನ್ನು ನಿಲ್ಲಿಸಿ ನೋಡಿದರೆ ಅಳತೆ ತಪ್ಪುತ್ತದೆ. ಅಪ್ಪ ತಮ್ಮ ಹಳೆಯ ಪಂಚೆಯ ಬಿಳಿ ತುಂಡಿಗೆ ಕಡ್ಡಿಯನ್ನು ಒರೆಸಿ ಬೆಳಕಿಗೆ ಹಿಡಿದರು. ಮಟ್ಟ ಸರಿಯಾಗಿತ್ತು. ಸುಟ್ಟ ವಾಸನೆಯಿರಲಿಲ್ಲ, ಲೋಹದ ಪುಡಿಯ ಮಿನುಗಿರಲಿಲ್ಲ. ಆದರೆ ಬಣ್ಣ? "ಇದು ಪುನರ್ಪುಳಿ ಶರಬತ್ತಿನ ಹಾಗೆ ಕೆಂಪಗಿರಬೇಕು ಅಂತೀಯ. ಇದು ನೋಡಿದರೆ ಎರಡನೇ ಡಿಕಾಕ್ಷನ್ ಥರ ಇದೆ" ಎಂದರು. ಮಂಗಳೂರಿನ ಬಸ್ ನಿಲ್ದಾಣದ ಬೇಸಿಗೆಗಳಲ್ಲಿ ಕುಡಿದ ಪುನರ್ಪುಳಿಯ ಬಣ್ಣ ಅವರ ಕಣ್ಣಿನಲ್ಲಿ ಹಾಗೆಯೇ ಉಳಿದಿತ್ತು.

"ಕಂಪನಿಯವರು ಯಾವ ಎಣ್ಣೆ ಹಾಕು ಅಂದಿದ್ದಾರೆ? ಹಾಕಿರುವುದು ಯಾವುದು?"

ಮೊದಲ ಪ್ರಶ್ನೆಗೆ ಕಾರಿನ ಕೈಪಿಡಿಯೇ ಉತ್ತರ ಕೊಟ್ಟಿತು: ಎಸ್‌ಪಿ ಥ್ರೀ ಎಂಬ ತರಗತಿಯದು, ಬೇರೆಯದಲ್ಲ. ಎರಡನೆಯದಕ್ಕೆ ಉತ್ತರ ಹುಡುಕಿದ್ದು ನಾನು. ಈ ಇಡೀ ಕಥೆಯಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾದ ಸಾಧನೆ ಇದೊಂದೇ. ಹದಿನಾಲ್ಕು ವರ್ಷಗಳ ರಸೀದಿಗಳನ್ನು ಫೈಲಿನಲ್ಲಿ ಇಟ್ಟಿದ್ದೆ. ೨೦೧೬ರ ಒಂದು ಸರ್ವೀಸು ಬಿಲ್ಲಿನಲ್ಲಿ ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದ ದಾಖಲೆಯಿತ್ತು. ಹಾಕಿದ್ದು ಡೆಕ್ಸ್‌ರಾನ್ ತರಗತಿಯ ಎಣ್ಣೆ. ಅದು ತನಗೆ ತಕ್ಕ ಗೇರ್‌ಬಾಕ್ಸುಗಳಲ್ಲಿ ಒಳ್ಳೆಯದೇ, ಇದಕ್ಕೆ ತಕ್ಕುದಲ್ಲ. ಆಟೋಮ್ಯಾಟಿಕ್ಕಿನ ಎಣ್ಣೆಗೆ ಕೇವಲ ನುಣುಪು ಕೊಡುವುದಷ್ಟೇ ಕೆಲಸವಲ್ಲ. ತಟ್ಟೆಗಳು ಒಂದನ್ನೊಂದು ಹಿಡಿಯುವಾಗ ಎಷ್ಟು ಜಾರಬೇಕು, ಎಷ್ಟು ಬಿಗಿಯಬೇಕೆಂಬ ಹದವೂ ಅದರಲ್ಲಿ ಬೆರೆತ ರಾಸಾಯನಿಕಗಳಲ್ಲಿದೆ. ಹದ ತಪ್ಪಿದರೆ ಟಾರ್ಕ್ ಕನ್ವರ್ಟರಿನೊಳಗಿನ ಕ್ಲಚ್ಚು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ. ಅದೇ ನಡುಕ. ಕೈಪಿಡಿ ಸ್ಪಷ್ಟವಾಗಿಯೇ ಹೇಳಿತ್ತು. ಓದದಿದ್ದದ್ದು ಎಣ್ಣೆ ಹಾಕಿದವರು, ಕೇಳದಿದ್ದದ್ದು ನಾನು.

ಇನ್ನು ಕುಕ್ಕು. ಚಕ್ರಗಳಿಗೆ ಮರದ ತುಂಡುಗಳ ಅಡ್ಡಿಯಿಟ್ಟು, ಹ್ಯಾಂಡ್ ಬ್ರೇಕು ಎಳೆದು, ಬಾನೆಟ್ಟು ತೆರೆದು, ಬ್ರೇಕಿನ ಮೇಲೆ ಬಲವಾಗಿ ಕಾಲಿಟ್ಟುಕೊಂಡು ಮಗ ಡ್ರೈವಿಗೂ ರಿವರ್ಸಿಗೂ ಹಾಕುತ್ತ ಹೋದ. ಕಾರಿನ ಮುಂದೆ ಯಾರೂ ನಿಲ್ಲಕೂಡದೆಂದು ಅಪ್ಪ ಗದರಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡರು. ಡ್ರೈವಿಗೆ ಹಾಕಿದೊಡನೆ ಇಂಜಿನ್ನು, ಮಲಗಿದ್ದ ಎಮ್ಮೆ ಗಡಬಡಿಸಿ ಏಳುವಂತೆ, ಇದ್ದಲ್ಲಿಂದ ಎದ್ದು ಧಡ್ಡೆಂದು ಕುಳಿತಿತು. "ಸಿಕ್ಕಿತು! ಮೌಂಟಿಂಗ್ ರಬ್ಬರು ಹೋಗಿದೆ" ಎಂದರು ಅಪ್ಪ. ಇಂಜಿನ್ನನ್ನು ಚಾಸಿಗೆ ಹಿಡಿದಿಡುವ ಮುಂದಿನ ರಬ್ಬರು ವಯಸ್ಸಾಗಿ ಹರಿದು ಎರಡಾಗಿತ್ತು. ಕುಕ್ಕಿದ್ದು ಗೇರ್‌ಬಾಕ್ಸಲ್ಲ, ಇಂಜಿನ್ನು. ಜ್ವರ ಎತ್ತಿಗೆ, ಬರೆ ಎಮ್ಮೆಗೆ ಬೀಳುವುದರಲ್ಲಿತ್ತು.

ಕೆಲಸಕ್ಕೆ ಎರಡು ಶನಿವಾರಗಳು ಹಿಡಿದವು. ಮೊದಲ ದಿನ, ಇಂಜಿನ್ನಿನ ಭಾರವನ್ನು ಮರದ ಹಲಗೆ ಕೊಟ್ಟು ಜಾಕಿನಿಂದ ಹೊರಿಸಿ, ಮಗ ಹಳೆಯ ಮೌಂಟಿಂಗನ್ನು ಬಿಚ್ಚಿ ಹೊಸದನ್ನು ಕೂರಿಸಿದ. ಅಪ್ಪ ಮಣೆಯ ಮೇಲೆ ಕುಳಿತು ಹೇಳುತ್ತಿದ್ದರು: "ಎಲ್ಲ ಬೋಲ್ಟನ್ನೂ ಬೆರಳಲ್ಲಿ ಹತ್ತಿಸು, ಆಮೇಲೆ ಬಿಗಿ ಮಾಡು. ಮೊದಲೇ ಒಂದನ್ನು ಬಿಗಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ." ಎರಡನೆಯ ಶನಿವಾರ ಎಣ್ಣೆ. ಗೇರ್‌ಬಾಕ್ಸು ಕನ್ವರ್ಟರು ಎರಡೂ ಸೇರಿ ಸುಮಾರು ಎಂಟು ಲೀಟರು ಹಿಡಿಯುತ್ತದೆ. ಆದರೆ ಕೆಳಗಿನ ಪ್ಲಗ್ಗನ್ನು ಬಿಚ್ಚಿದರೆ ಇಳಿಯುವುದು ಹೆಚ್ಚುಕಡಿಮೆ ಅರ್ಧ. ಉಳಿದದ್ದು ಕನ್ವರ್ಟರಿನಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಇಳಿಸಿದಷ್ಟನ್ನೇ ಅಳೆದು ಹೊಸದನ್ನು ತುಂಬಿ, ಓಡಿಸಿಬಂದು ಮತ್ತೆ ಇಳಿಸಬೇಕು. ಒಂದು ಸಲಕ್ಕೆ ಅರ್ಧ ಉಳಿದರೆ ಎರಡನೆಯದಕ್ಕೆ ಕಾಲು, ಮೂರನೆಯದಕ್ಕೆ ಅರೆಕಾಲು. ಅರ್ಧ, ಕಾಲು, ಅರೆಕಾಲು ಎಂಬ ಲೆಕ್ಕವನ್ನು ಮಗನ ಬಾಯಲ್ಲಿ ಕೇಳಿ ನನಗೆ ನನ್ನ ಪ್ರಾಥಮಿಕ ಶಾಲೆಯ ಮಗ್ಗಿ ನೆನಪಾಯಿತು. ಇಳಿಸಿದ ಹಳೆಯ ಎಣ್ಣೆಯನ್ನು ಡಬ್ಬಗಳಲ್ಲಿ ತುಂಬಿ ನಗರಸಭೆಯ ಸಂಗ್ರಹ ಕೇಂದ್ರಕ್ಕೆ ಕೊಟ್ಟುಬಂದೆವು.

ಕಡೆಗೆ ಉಳಿದದ್ದು ಜಗ್ಗು. ಅದರ ಕಾರಣ ವಿಚಿತ್ರವಾದದ್ದು. ಈ ಗೇರ್‌ಬಾಕ್ಸಿನ ಕಂಪ್ಯೂಟರು ಓಡುತ್ತ ಓಡುತ್ತ ಕಲಿಯುತ್ತದೆ. ಎರಡು ವರ್ಷ ಹದತಪ್ಪಿದ ಎಣ್ಣೆಯೊಡನೆ ಹೆಣಗಿ, ಅದಕ್ಕೆ ತಕ್ಕಂತೆ ತನ್ನ ಒತ್ತಡಗಳನ್ನು ತಿದ್ದಿಕೊಂಡಿತ್ತು. ಈಗ ಎಣ್ಣೆ ಸರಿಹೋದರೂ ಅಭ್ಯಾಸ ಬಿಟ್ಟಿರಲಿಲ್ಲ. ಬ್ಯಾಟರಿಯ ತಂತಿಯನ್ನು ಸ್ವಲ್ಪ ಹೊತ್ತು ಬಿಚ್ಚಿಟ್ಟು ಕಲಿತದ್ದನ್ನು ಮರೆಸಿ, ಅನಂತರ ಕೆಲವು ದಿನ ಹಗುರಾಗಿ ಓಡಿಸಿ ಮತ್ತೆ ಕಲಿಸಬೇಕು. "ಪರದೇಶದಿಂದ ಊರಿಗೆ ಬಂದವರ ಹಾಗೆ. ಎರಡು ದಿನ ಎಲ್ಲದಕ್ಕೂ ಮೂಗು ಮುರಿಯುತ್ತಾರೆ, ಆಮೇಲೆ ಸರಿಹೋಗುತ್ತಾರೆ" ಎಂದು ಅಪ್ಪ ನನ್ನ ಕಡೆ ನೋಡಿ ಹೇಳಿದರು. ನಾನು ಕೇಳಿಸದಂತೆ ನಟಿಸಿದೆ.

ಒಟ್ಟು ಖರ್ಚು ೩೩೦ ಡಾಲರು. ಜನವರಿಯಲ್ಲಿ, ಅಪ್ಪ ಅಮ್ಮ ಹೊರಡುವ ಮುಂಚಿನ ವಾರ, ಬ್ರಿಸ್ಬೇನಿನಿಂದ ಪಶ್ಚಿಮಕ್ಕೆ ಸುಮಾರು ೧೨೫ ಕಿಲೋಮೀಟರು ದೂರದ ಟುವೂಂಬಾ ಘಟ್ಟದ ಮೇಲೆ ಕಾರನ್ನು ಹತ್ತಿಸಿದೆವು. ಲಾರಿಗಳು ತೆವಳುವ ಆ ಏರಿನಲ್ಲಿ ಗೇರು ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿದದ್ದು ಯಾರಿಗೂ ತಿಳಿಯಲಿಲ್ಲ. ಅಪ್ಪನಿಗೆ ಮಾತ್ರ ತಿಳಿಯಿತು. ಕಣ್ಣು ಮುಚ್ಚಿ ಕುಳಿತಿದ್ದವರು ಪ್ರತಿ ಸಲವೂ ಎಡಗಾಲನ್ನು ಮೆಲ್ಲನೆ ಒತ್ತುತ್ತಿದ್ದರು. ಮೇಲೆ ತಲುಪಿದ ಮೇಲೆ "ಡಬಲ್ ಕ್ಲಚ್ ಹೊಡೆದಷ್ಟು ಚೆನ್ನಾಗಿ ಬೀಳುತ್ತೆ ಕಣೋ" ಎಂದರು. ಆಟೋಮ್ಯಾಟಿಕ್ ಗಾಡಿಗೆ ಅವರಿಂದ ದೊರೆತ ಅತ್ಯುನ್ನತ ಪ್ರಶಸ್ತಿ ಅದು.

ಫೆಬ್ರವರಿಯಲ್ಲಿ ನಾನೂ ಮಗನೂ ಹೊರಟೆವು. ಬ್ರೋಕನ್ ಹಿಲ್ ದಾಟಿ ಅಡಿಲೇಡು, ಅಲ್ಲಿಂದ ಪೋರ್ಟ್ ಆಗಸ್ಟಾ, ಸೆಡೂನಾ. ಪಶ್ಚಿಮ ಆಸ್ಟ್ರೇಲಿಯಾದ ಗಡಿಯ ತಪಾಸಣೆಯಲ್ಲಿ, ಹೆಂಡತಿ ಕಟ್ಟಿಕೊಟ್ಟಿದ್ದ ನಿಂಬೆಹಣ್ಣುಗಳನ್ನೂ ಜೇನಿನ ಸೀಸೆಯನ್ನೂ ಒಪ್ಪಿಸಿದೆವು. ಮುಂದೆ ಕೈಗೂನಾದಿಂದ ಬಲಡೋನಿಯಾ ಕಡೆಗೆ ೧೪೬ ಕಿಲೋಮೀಟರಿಗೂ ಹೆಚ್ಚು ದೂರ ಒಂದೇ ಒಂದು ತಿರುವಿಲ್ಲದ ರಸ್ತೆ. ಪ್ರತಿ ರಾತ್ರಿ ತಂಗಿದಲ್ಲಿ ಮಗ ಬಿಳಿ ಬಟ್ಟೆಗೆ ಅಳತೆಕಡ್ಡಿಯನ್ನು ಒರೆಸುತ್ತಿದ್ದ. ಪರ್ತ್ ತಲುಪಿದ ಸಂಜೆ ಹಾಸನಕ್ಕೆ ಫೋನು ಮಾಡಿ, ಯಾರೂ ಹೇಳಿಕೊಡದೆ, "ತಾತ, ಕುಕ್ಕಲಿಲ್ಲ, ಜಗ್ಗಲಿಲ್ಲ, ಜಾರಲಿಲ್ಲ, ನಡುಗಲಿಲ್ಲ" ಎಂದ. ನಾಲ್ಕು ಕ್ರಿಯಾಪದಗಳು, ನಾಲ್ಕೂ ಸರಿಯಾದ ರೂಪದಲ್ಲಿ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ತಾತ ಮೊಮ್ಮಗ ಫೋನಿನಲ್ಲಿ ಗಾಡಿಯ ಕ್ಷೇಮ ಸಮಾಚಾರ ಮಾತಾಡುವುದು ರೂಢಿಯಾಯಿತು. ಬ್ರೇಕು ಕಿರ್ರೆನ್ನುವುದು, ಬೆಲ್ಟು ಚೀರುವುದು, ಸ್ಟಾರ್ಟರು ಕೊಸರುವುದು. ಗಾಡಿಯಿಂದ ಆರಂಭವಾದ ಮಾತು ಗಾಡಿಯಲ್ಲೇ ನಿಲ್ಲುತ್ತಿರಲಿಲ್ಲ. ೧೯೭೪ರಲ್ಲಿ ಶಿರಾಡಿಯಲ್ಲಿ ಮರ ಬಿದ್ದು ಪ್ರಯಾಣಿಕರೊಡನೆ ರಾತ್ರಿಯಿಡೀ ಬಸ್ಸಿನಲ್ಲಿ ಕಳೆದ ಕಥ��ಯನ್ನು ನಾನು ಮೊದಲು ಕೇಳಿದ್ದು ಅಪ್ಪನ ಬಾಯಿಂದಲ್ಲ, ಮಗನ ಬಾಯಿಂದ.

೨೦೨೦ರ ಮಾರ್ಚಿಯಲ್ಲಿ ಆಸ್ಟ್ರೇಲಿಯಾದ ಗಡಿ ಮುಚ್ಚಿತು. ೨೦೨೧ರ ಮೇ ಮೊದಲ ವಾರ, ಭಾರತದಿಂದ ಇಲ್ಲಿಗೆ ಬರುವ ವಿಮಾನಗಳೂ ನಿಂತಿದ್ದ ದಿನಗಳಲ್ಲಿ, ಅಪ್ಪ ಹಾಸನದಲ್ಲಿ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ. ಹೋಗಲಾಗದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದಾರೋ. ಅವರಿಗೆ ನಾನು ವಿವರಿಸಬೇಕಾದದ್ದಿಲ್ಲ. ತಮ್ಮ ಹಿಡಿದಿದ್ದ ಫೋನಿನ ಪರದೆಯಲ್ಲಿ ನಾನು ಬ್ರಿಸ್ಬೇನಿನಿಂದಲೂ ಮಗ ಪರ್ತಿನಿಂದಲೂ ನೋಡಿದೆವು. ಎಲ್ಲ ಮುಗಿದ ಮೇಲೆ ಮಗ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪ, ಮೈಯೆಲ್ಲ ನಡುಗುತ್ತಿದೆ" ಎಂದ. ನಡುಗುವುದೆಂಬ ಮಾತನ್ನು ಅವನು ಕಲಿತದ್ದು ಎಲ್ಲಿ ಎಂಬುದು ನನಗೆ ನೆನಪಾಯಿತು.

ಪಶ್ಚಿಮ ಆಸ್ಟ್ರೇಲಿಯಾ ತನ್ನ ಗಡಿಯನ್ನು ತೆರೆದದ್ದು ೨೦೨೨ರ ಮಾರ್ಚಿ ೩ರಂದು. ಒಮ್ಮೆ ಹೊರಬಿದ್ದರೆ ಮರಳಿ ಸೇರಿಸುವರೋ ಇಲ್ಲವೋ ಎಂಬ ಭಯದಿಂದ ಅಲ್ಲಿಯೇ ಉಳಿದಿದ್ದ ಮಗ, ಏಪ್ರಿಲಿನ ಈಸ್ಟರ್ ರಜೆಗೆ ಅದೇ ಕಾರಿನಲ್ಲಿ ಅಡಿಲೇಡಿಗೆ ಬಂದ. ನಾವು ಬ್ರಿಸ್ಬೇನಿನಿಂದ ವಿಮಾನದಲ್ಲಿ ಹೋದೆವು. ಟಾನ್ಸ್‌ಲಿಯಲ್ಲಿ ಭೇಟಿಯಾಗೋಣವೆಂದು ಅವನೇ ಹೇಳಿದ್ದ. ಹಳೆಯ ಕಾರ್ಖಾನೆಯ ಮುಖ್ಯ ಕಟ್ಟಡದ ಬೃಹತ್ ಚಾವಣಿ ಹಾಗೆಯೇ ನಿಂತಿದೆ. ಈಗ ಅಲ್ಲಿ ವಿಶ್ವವಿದ್ಯಾಲಯದ ವಿಭಾಗಗಳೂ ತರಬೇತಿ ಶಾಲೆಗಳೂ ಸಣ್ಣ ಕೈಗಾರಿಕೆಗಳೂ ನಡೆಯುತ್ತವೆ. ಹುಟ್ಟಿದ ಮನೆಯ ಅಂಗಳದಲ್ಲಿ, ಧೂಳು ಮೆತ್ತಿಕೊಂಡು, ನಮ್ಮ ಮ್ಯಾಗ್ನಾ ನಿಂತಿತ್ತು.

"ಸೆಡೂನಾ ಆದಮೇಲೆ ಸ್ವಲ್ಪ ಜಗ್ಗುತ್ತಿತ್ತು ಅಪ್ಪ. ಮೊದಲು ಎಣ್ಣೆ ನೋಡಿದೆ. ಒಂದು ಬೆರಳು ಕಮ್ಮಿ ಇತ್ತು. ಕೂಲರಿನ ಪೈಪಿನಲ್ಲಿ ಜಿನುಗುತ್ತಿತ್ತು, ಕ್ಲಿಪ್ಪು ಬದಲಿಸಿದೆ" ಎಂದ. ಹಾಗೆಂದು ಬಾನೆಟ್ಟು ತೆರೆದು, ಓಡುತ್ತಿದ್ದ ಇಂಜಿನ್ನಿನಿಂದ ಅಳತೆಕಡ್ಡಿಯನ್ನು ತೆಗೆದು ಬಿಳಿ ಬಟ್ಟೆಗೆ ಒರೆಸಿ ನನ್ನ ಮುಂದೆ ಹಿಡಿದ. "ಪುನರ್ಪುಳಿ" ಎಂದ. ಆ ಹುಡುಗ ಪುನರ್ಪುಳಿಯನ್ನು ಈವರೆಗೆ ಕುಡಿದಿಲ್ಲ. ಬಟ್ಟೆ ತಾತನ ಪಂಚೆಯ ತುಂಡು.

ಕಾರು ಇಂದಿಗೂ ಪರ್ತಿನಲ್ಲಿ ಓಡುತ್ತಿದೆ. ಹಳೆಯ ಗಾಡಿಯಿಟ್ಟುಕೊಂಡಿರುವ ಮಿತ್ರರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟು: ದೊಡ್ಡ ಬಿಲ್ಲಿಗೆ ಸಹಿ ಮಾಡುವ ಮೊದಲು ರೋಗದ ಹೆಸರನ್ನು ಸರಿಯಾಗಿ ಕೇಳಿ, ಎಣ್ಣೆಯ ಮಟ್ಟ, ಬಣ್ಣ, ಜಾತಿ ಮೂರನ್ನೂ ನೋಡಿ, ಮೌಂಟಿಂಗನ್ನು ಪರೀಕ್ಷಿಸಿ, ಜಾರುತ್ತಿದ್ದರೆ ಮಾತ್ರ ತಡಮಾಡದೆ ಬಲ್ಲವರಲ್ಲಿಗೆ ಒಯ್ಯಿರಿ. ಹೊಸ ಗಾಡಿಗಳಲ್ಲಿ ಎಷ್ಟೋ ಕಡೆ ಅಳತೆಕಡ್ಡಿಯೇ ಇರುವುದಿಲ್ಲ. ಅವುಗಳ ತಂಟೆಗೆ ಹೋಗದಿರುವುದೇ ಲೇಸು.

ಇನ್ನು ಘನವಾದ ವಿಷಯಗಳ ಬಗ್ಗೆ ಒಂದೇ ಮಾತು. ಹದಿನಾರು ವರ್ಷ ನಾವು ಮಗನಿಗೆ ಕನ್ನಡವನ್ನು ಉಳಿಸಿಕೊಳ್ಳಬೇಕಾದ ವಸ್ತುವೆಂದು ಹೇಳಿ ಕೊಟ್ಟೆವು. ಅವನು ಅದನ್ನು ಗೌರವದಿಂದ ಪೆಟ್ಟಿಗೆಯಲ್ಲಿಟ್ಟ. ಅಪ್ಪ ಅದನ್ನು ಸ್ಪ್ಯಾನರಿನ ಜೊತೆಗೆ, ಬೇಕಾದ ಹೊತ್ತಿನಲ್ಲಿ ಕೈಗೆ ಕೊಟ್ಟರು, ಅವನು ಬಳಸಿದ. ಈ ಸಮ್ಮೇಳನಕ್ಕೆ ಮಕ್ಕಳೊಡನೆ, ಹಿರಿಯರೊಡನೆ ಬಂದಿರುವ ಬಂಧುಗಳೆಲ್ಲರಲ್ಲಿಯೂ ನನ್ನದೊಂದು ವಿನಂತಿ. ಊರಿಗೆ ಹಿಂದಿರುಗಿದ ಮೇಲೆ ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಸೋಫಾದ ಮೇಲೆ ಎದುರುಬದುರು ಕೂರಿಸಿ ಮಾತನಾಡಿ ಎನ್ನಬೇಡಿ. ಇಬ್ಬರಿಗೂ ಸೇರಿ ಕೆಟ್ಟುಹೋದ ಏನನ್ನಾದರೂ ಕೊಡಿ. ಮಾತು ತಾನಾಗಿ ಬರುತ್ತದೆ.